ಬರೆ, ತೋಡು, ಇಂಗುಗುಂಡಿ: ಕಕ್ಕಡದ ಮಳೆಗೆ ಮುನ್ನ ಓದುಗರ ಪ್ರಶ್ನೆಗಳು

ಕಕ್ಕಡ ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕೊಡವ ತಿಂಗಳು. ಅದಕ್ಕೆ ಮುನ್ನ ಮಳೆಗಾಲದ ತಯಾರಿ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಕೊಡಗಿನ ಐದೂ ತಾಲ್ಲೂಕುಗಳಿಂದ ಪತ್ರ ಬಂದಿವೆ. ಒಂದೇ ಬಗೆಯವನ್ನು ಸೇರಿಸಿ ಉತ್ತರಿಸಿದ್ದೇವೆ. ಮಣ್ಣು, ಕಟ್ಟಡ ಮತ್ತು ತೋಟದ ಕೆಲಸ ಬಲ್ಲವರು ಕೂಡಿ ಬರೆದ ಉತ್ತರಗಳಿವು.

ನಮ್ಮ ಮನೆ ಹಿಂದೆ ಸುಮಾರು 15 ಅಡಿ ಎತ್ತರದ ಬರೆ (ಗುಡ್ಡ ಕಡಿದಾಗ ಉಳಿದ ನೆಟ್ಟಗಿನ ಮಣ್ಣಿನ ಗೋಡೆ) ಇದೆ. ಗೋಡೆಗೂ ಬರೆಗೂ ಆರಡಿ ಜಾಗ. ಹೋದ ವರ್ಷ ಬರೆಯ ನೆತ್ತಿಯಲ್ಲಿ ಉದ್ದಕ್ಕೆ ಬಿರುಕು ಕಾಣಿಸಿತ್ತು, ಟಾರ್ಪಾಲ್ ಹೊದಿಸಿದ್ದೆವು. ಈ ಸಲವೂ ಅಷ್ಟೇ ಸಾಕೇ? (ಮದೆನಾಡು)

ಸಾಲದು. ಟಾರ್ಪಾಲ್ ಬರೆಯ ಮೈಮೇಲೆ ಬೀಳುವ ಮಳೆಯನ್ನಷ್ಟೇ ತಡೆಯುತ್ತದೆ. ಬರೆಯನ್ನು ಕೆಡವುವುದು ಮೇಲಿನ ತೋಟದಿಂದ, ರಸ್ತೆಯಿಂದ, ಇಂಗುಗುಂಡಿಯಿಂದ ಮಣ್ಣಿನೊಳಗೆ ಇಳಿದು ಬರುವ ನೀರು. ನಮ್ಮ ಕೆಂಪು ಮಣ್ಣು ಒಣಗಿದ್ದಾಗ ನೆಟ್ಟಗೆ ಕತ್ತರಿಸಿದರೂ ನಿಲ್ಲುತ್ತದೆ. ಜನವರಿಯಲ್ಲಿ ಜೆಸಿಬಿ ತಂದು ಬರೆ ಕಡಿದವರಿಗೆ ಅದು ಕಲ್ಲಿನಷ್ಟು ಗಟ್ಟಿಯಾಗಿ ಕಾಣುವುದು ಅದಕ್ಕೇ. ಕಣಗಳ ನಡುವಿನ ಅಲ್ಪ ತೇವ ಅವನ್ನು ಹಿಡಿದಿಟ್ಟಿರುತ್ತದೆ. ಆ ಸಂದುಗಳೆಲ್ಲ ನೀರಿನಿಂದ ತುಂಬಿದ ದಿನ ಹಿಡಿತ ಬಿಡುತ್ತದೆ, ಜೊತೆಗೆ ಮಣ್ಣಿನ ಭಾರವೂ ಏರುತ್ತದೆ.

ಮಳೆ ಜೋರಾಗುವ ಮೊದಲು ಮಾಡಬೇಕಾದ್ದು ಹೀಗಿದೆ. ಬರೆಯ ಅಂಚಿನಿಂದ ಕನಿಷ್ಠ ಹತ್ತಡಿ ಮೇಲಕ್ಕೆ, ಬಿರುಕಿದ್ದರೆ ಬಿರುಕಿಗಿಂತಲೂ ಮೇಲೆ, ಅಡ್ಡಲಾಗಿ ಒಂದು ಚರಂಡಿ ತೆಗೆಯಿರಿ. ಒಂದಡಿ ಅಗಲ, ಒಂದಡಿ ಆಳ, ನೂರಡಿಗೆ ಒಂದು ಅಡಿಯಾದರೂ ಇಳಿತ ಇರಲಿ. ಇದಕ್ಕೆ ಸಿಮೆಂಟ್ ಅಥವಾ ದಪ್ಪ ಪ್ಲಾಸ್ಟಿಕ್ ಹಾಳೆಯ ಹಾಸು ಬೇಕೇ ಬೇಕು. ಹಾಸಿಲ್ಲದ ಚರಂಡಿ ನೀರನ್ನು ಬರೆಯೊಳಗೇ ಇಳಿಸುವುದರಿಂದ ತೆಗೆಯದೇ ಇದ್ದರೇ ವಾಸಿ. ಚರಂಡಿಯ ತುದಿ ಸಹಜವಾದ ತೋಡಿಗೆ (ಸಣ್ಣ ಹಳ್ಳಕ್ಕೆ) ಸೇರಬೇಕು, ಪಕ್ಕದ ಮನೆಯವರ ಬರೆಗಲ್ಲ.

ಎರಡನೆಯದು ಮಾಡಿನ (ಛಾವಣಿಯ) ನೀರು. ಸಾವಿರ ಚದರಡಿ ಮಾಡಿನ ಮೇಲೆ ನಾಲ್ಕು ಇಂಚು ಮಳೆ ಬಿದ್ದರೆ ಒಂಬತ್ತು ಸಾವಿರ ಲೀಟರಿಗೂ ಹೆಚ್ಚು ನೀರು. ಹಿಂದಿನ ಮಾಡಿನ ಪಾಲು ಬರೆಗೂ ಗೋಡೆಗೂ ನಡುವಿನ ಆರಡಿಯಲ್ಲಿ ಬಿದ್ದು ಬರೆಯ ಬುಡವನ್ನೇ ನೆನೆಸುತ್ತದೆ. ಮಾಡಿನ ಅಂಚಿಗೆ ನೀರು ಹಿಡಿಯುವ ದಂಬೆ ಕಟ್ಟಿ ಪೈಪಿನಲ್ಲಿ ಮುಂದಕ್ಕೆ ತನ್ನಿ. ಬರೆಯ ಮೇಲೆ ನೀರಿನ ಟ್ಯಾಂಕ್ ಇದ್ದರೆ ತುಂಬಿ ಹರಿಯುವ ನೀರಿಗೆ ಪೈಪ್ ಹಾಕಿ. ಮೇಲುಗಡೆ ಶೌಚಾಲಯದ ಗುಂಡಿ ಇದ್ದರೆ ಸ್ಥಳ ಬದಲಿಸಲೇಬೇಕು.

ಬಿರುಕಿನ ಎರಡೂ ಬದಿಗೆ ಒಂದೊಂದು ಗೂಟ ಹೊಡೆದು, ದಿನಾ ಒಂದೇ ಹೊತ್ತಿಗೆ ಟೇಪಿನಿಂದ ನಡುವಿನ ಅಂತರ ಅಳೆದು ಬರೆದಿಡಿ. ಬಿರುಕು ಅಲುಗದೆ ನಿಂತಿದ್ದರೆ ಜೇಡಿಮಣ್ಣು ತುಂಬಿ ದಮ್ಮಸು ಮಾಡಿ, ಅದರ ಮೇಲೆ ಬಿರುಕಿನಿಂದ ಆರಡಿ ಆಚೆಗೂ ಬರುವಂತೆ ಟಾರ್ಪಾಲ್ ಹಾಕಿ. ಟಾರ್ಪಾಲಿಗೆ ಗೂಟ ಹೊಡೆಯಬೇಡಿ, ಮರಳಿನ ಚೀಲ ಹೇರಿ. ಅಂತರ ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದರೆ ಅದನ್ನು ಮುಚ್ಚುವ ಕೆಲಸಕ್ಕೂ ಹತ್ತಿರ ಹೋಗದೆ ಮನೆ ಬಿಡಿ.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇವೆ. ಮಳೆಗಾಲದಲ್ಲಿ ಸ್ವಲ್ಪ ಮಣ್ಣು ಜರಿದು ಗೋಡೆಗೆ ತಾಗಿದಾಗ ಮನೆಯವರು ಹಾರೆ ಹಿಡಿದು ಅದನ್ನು ತೆಗೆಯಲು ಹೊರಡುತ್ತಾರೆ. ಬಿದ್ದ ಮಣ್ಣು ಉಳಿದ ಬರೆಗೆ ಬುಡದಲ್ಲಿ ಆಸರೆಯಾಗಿ ನಿಂತಿರುತ್ತದೆ. ಅದನ್ನು ಎಳೆದರೆ ಮೇಲಿನದು ಎಳೆದವರ ಮೇಲೇ ಬರುತ್ತದೆ. ಮಳೆ ನಿಂತು ಬರೆ ಆರುವವರೆಗೆ ಅದನ್ನು ಮುಟ್ಟಬೇಡಿ.

15 ಅಡಿ ಬರೆಗೆ ಆರಡಿ ಜಾಗ ತೀರಾ ಕಡಿಮೆ. ಬರೆಯ ಎತ್ತರದಷ್ಟಾದರೂ ಅಂತರ ಬೇಕು. ಬೇಸಿಗೆಯಲ್ಲಿ ಮೇಲಿನಿಂದ ಕೆಳಕ್ಕೆ ಮೆಟ್ಟಿಲಾಗಿ ಕಡಿಸಿ. ಐದಡಿ ಎತ್ತರ, ನಾಲ್ಕಡಿ ಅಗಲದ ಮೂರು ಮೆಟ್ಟಿಲು ಮಾಡಿ, ಪ್ರತಿ ಮೆಟ್ಟಿಲಿಗೂ ಒಳಬದಿಯಲ್ಲಿ ಸಣ್ಣ ಚರಂಡಿ ಕೊಟ್ಟು, ಅಂಚಿನಲ್ಲಿ ಅರ್ಧ ಅಡಿಗೊಂದರಂತೆ ಲಾವಂಚದ ಬುಡ ನೆಡಿ. ಲಾವಂಚ ಬೇರು ಬಿಡಲು ಒಂದು ಮಳೆಗಾಲ ಕಳೆಯಬೇಕು, ಮೊದಲ ವರ್ಷ ಅದನ್ನು ನಂಬಿ ಮಲಗಬೇಡಿ. ಅಲ್ಲಿಯವರೆಗೆ ಆರೆಂಜ್ ಅಲರ್ಟ್ ಬಂದ ರಾತ್ರಿ ಹಿಂದಿನ ಕೋಣೆಯಲ್ಲಿ ಯಾರೂ ಮಲಗಕೂಡದು. ರೆಡ್ ಅಲರ್ಟ್ ಬಂದರೆ ಮನೆಯಲ್ಲೇ ಇರಕೂಡದು.

ತಡೆಗೋಡೆ ಕಟ್ಟಿಸಿ ಎರಡೇ ಮಳೆಗಾಲ. ಗೋಡೆ ಹೊಟ್ಟೆ ಬಿಟ್ಟು ವಾಲಿದೆ. ಕಲ್ಲು, ಸಿಮೆಂಟ್ ಎಲ್ಲ ಚೆನ್ನಾಗಿಯೇ ಹಾಕಿದ್ದರು. ಕಾರಣವೇನು? (ಸುಂಟಿಕೊಪ್ಪ)

ಬಹುತೇಕ ನೀರು ಹೊರಬರುವ ದಾರಿ ಇಲ್ಲದಿರುವುದು. ಹತ್ತಡಿ ಎತ್ತರದ ಗೋಡೆಯ ಹಿಂದೆ ನೀರು ತುಂಬಿ ನಿಂತರೆ, ಗೋಡೆಯ ಪ್ರತಿ ಒಂದು ಮೀಟರ್ ಉದ್ದವನ್ನು ನೀರೊಂದೇ ಸುಮಾರು ನಾಲ್ಕೂವರೆ ಟನ್ ಬಲದಿಂದ ತಳ್ಳುತ್ತದೆ. ಮಣ್ಣಿನ ತಳ್ಳು ಬೇರೆ. ಗೋಡೆ ಗಟ್ಟಿಯಾಗಿದ್ದಷ್ಟೂ, ಸಂದಿಲ್ಲದಷ್ಟೂ ನೀರು ಹಿಂದೆ ಕಟ್ಟಿಕೊಳ್ಳುತ್ತದೆ.

ಗೋಡೆಯಲ್ಲಿ 3ರಿಂದ 4 ಇಂಚಿನ ಪಿವಿಸಿ ಪೈಪುಗಳನ್ನು ಐದಡಿಗೊಂದರಂತೆ ಅಡ್ಡಕ್ಕೂ ಎತ್ತರಕ್ಕೂ ಇಡಬೇಕು, ಹೊರಕ್ಕೆ ಸ್ವಲ್ಪ ಇಳಿಜಾರಿರಬೇಕು. ಅತಿ ಕೆಳಗಿನ ಸಾಲು ನೆಲಕ್ಕಿಂತ ಒಂದಡಿಯೊಳಗೇ ಇರಲಿ. ಪೈಪು ಇಟ್ಟೂ ಗೋಡೆ ವಾಲಿದ್ದನ್ನು ಬೇಕಾದಷ್ಟು ಕಡೆ ಕಾಣಬಹುದು. ಅಲ್ಲಿ ಪೈಪಿನ ಹಿಂದೆ ನೇರವಾಗಿ ಜೇಡಿಮಣ್ಣು ತುಂಬಿರುತ್ತಾರೆ, ಮೊದಲ ಮಳೆಗೇ ಬಾಯಿ ಕಟ್ಟುತ್ತದೆ. ಗೋಡೆಯ ಹಿಂದೆ ಪೂರ್ತಿ ಎತ್ತರಕ್ಕೆ ಒಂದಡಿ ದಪ್ಪ ಜಲ್ಲಿ, ಜಲ್ಲಿಗೂ ಮಣ್ಣಿಗೂ ನಡುವೆ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಇದ್ದರೆ ಮಾತ್ರ ಪೈಪು ಕೆಲಸ ಮಾಡುತ್ತದೆ. ಮಳೆ ಬರುವಾಗ ಹೋಗಿ ನೋಡಿ. ಪೈಪಿನಿಂದ ತಿಳಿನೀರು ಬರುತ್ತಿದ್ದರೆ ಒಳ್ಳೆಯದು. ಜೋರು ಮಳೆಯಲ್ಲೂ ಒಣಗಿದ್ದರೆ ಕಟ್ಟಿಕೊಂಡಿದೆ. ಕೆಂಪು ನೀರು ಬಂದರೆ ಹಿಂದಿನ ಮಣ್ಣು ಕರಗಿ ಹೋಗುತ್ತಿದೆ.

ಕಲ್ಲಿನ ಗೋಡೆಯ ಬುಡದ ದಪ್ಪ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬಾರದು, ಅಡಿಪಾಯ ತುಂಬು ಮಣ್ಣಿನ ಮೇಲೆ ಕೂರಬಾರದು. ಖರ್ಚು ಕಡಿಮೆ ಆಗಬೇಕೆಂದರೆ ಗೇಬಿಯಾನ್ ಯೋಚಿಸಿ. ತಂತಿ ಬಲೆಯ ಪೆಟ್ಟಿಗೆಗೆ ಕಾಡುಗಲ್ಲು ತುಂಬಿ ಜೋಡಿಸುವ ಗೋಡೆಯದು. ನೀರು ಎಲ್ಲಿಂದ ಬೇಕಾದರೂ ಸೋರುತ್ತದೆ, ನೆಲ ಸ್ವಲ್ಪ ಕುಸಿದರೂ ಒಡೆಯುವುದಿಲ್ಲ. ನಮ್ಮ ಮಣ್ಣಿಗೆ ಅದೇ ಹೆಚ್ಚು ಹೊಂದುತ್ತದೆ ಎಂಬುದು ನಮ್ಮ ಅಭಿಪ್ರಾಯ. ಹತ್ತಡಿ ಮೀರಿದ ಗೋಡೆ ಯಾವುದೇ ಆಗಲಿ, ಎಂಜಿನಿಯರ್ ಲೆಕ್ಕ ಹಾಕದೆ ಕಟ್ಟಿಸಬೇಡಿ. ಈಗಾಗಲೇ ಹೊಟ್ಟೆ ಬಿಟ್ಟ ಗೋಡೆಗೆ ಮುಂದಿನಿಂದ ಸಿಮೆಂಟ್ ಬಳಿಯುವುದು ಅಪಾಯ, ಇರುವ ಸಂದುಗಳೂ ಮುಚ್ಚಿಹೋಗುತ್ತವೆ.

ಕಾಫಿ ತೋಟದಲ್ಲಿ ಮಳೆನೀರು ಇಂಗಿಸಲು ತೊಟ್ಟಿಲು ಗುಂಡಿ, ಇಂಗುಗುಂಡಿ ತೆಗೆಯಿರಿ ಎನ್ನುತ್ತಿದ್ದರು. ಬ್ರಹ್ಮಗಿರಿ ಕುಸಿದ ಮೇಲೆ ಗುಂಡಿಯೇ ಬೇಡ ಎನ್ನುತ್ತಾರೆ. ಯಾವುದು ಸರಿ? (ಮಾದಾಪುರ; ಇದೇ ಪ್ರಶ್ನೆ ಭಾಗಮಂಡಲದಿಂದಲೂ ಬಂದಿದೆ)

ಎರಡೂ ಸರಿ, ಜಾಗ ಬೇರೆ ಬೇರೆ. 2020ರ ಆಗಸ್ಟ್ ಮೊದಲ ವಾರ ತಲಕಾವೇರಿಯ ಬಳಿ ಬ್ರಹ್ಮಗಿರಿ ಬೆಟ್ಟ ಜರಿದು ಅರ್ಚಕರ ಕುಟುಂಬವನ್ನು ಬಲಿ ತೆಗೆದುಕೊಂಡ ಮೇಲೆ, ಮೇಲ್ಭಾಗದಲ್ಲಿ ತೆಗೆದಿದ್ದ ಇಂಗುಗುಂಡಿಗಳ ಬಗ್ಗೆ ದೊಡ್ಡ ಚರ್ಚೆ ನಡೆಯಿತು. ಆ ಒಂದು ಕುಸಿತಕ್ಕೆ ಗುಂಡಿಯೊಂದನ್ನೇ ಹೊಣೆ ಮಾಡುವುದು ಸುಲಭದ ತೀರ್ಮಾನ. ಆದರೆ ಕಡಿದಾದ ಗುಡ್ಡದ ನೆತ್ತಿಯಲ್ಲಿ ನೀರು ಇಂಗಿಸುವುದು ತಪ್ಪು ಎಂಬುದರಲ್ಲಿ ನಮಗೆ ಅನುಮಾನವಿಲ್ಲ.

ಲೆಕ್ಕ ನೋಡಿ. ಹತ್ತಡಿ ಉದ್ದ, ಒಂದಡಿ ಅಗಲ, ಒಂದೂವರೆ ಅಡಿ ಆಳದ ಒಂದು ಗುಂಡಿ ಸುಮಾರು 425 ಲೀಟರ್ ಹಿಡಿಯುತ್ತದೆ. ಎಕರೆಗೆ ನೂರು ಗುಂಡಿ ಇದ್ದರೆ ಒಂದು ಸಲ ತುಂಬಿದಾಗ 42,500 ಲೀಟರ್. ಕುಶಾಲನಗರದ ಕಡೆಯ ಒಣ ಸೀಮೆಯಲ್ಲಿ ಇದು ವರದಾನ. ವರ್ಷಕ್ಕೆ ಇನ್ನೂರು ಇಂಚಿನ ಆಸುಪಾಸು ಮಳೆ ಕಾಣುವ ಭಾಗಮಂಡಲದ ಇಳಿಜಾರಿನಲ್ಲಿ ಅದೇ ಗುಂಡಿ ದಿನಕ್ಕೆ ಹಲವು ಸಲ ತುಂಬಿ ಇಂಗುತ್ತಿದ್ದರೆ ಅಷ್ಟು ನೀರು ಕೆಳಗಿನ ಬಂಡೆಯ ಮೇಲೆ ಸೇರುತ್ತದೆ. ಮೇಲಿನ ಮಣ್ಣಿನ ಪದರಕ್ಕೂ ಕೆಳಗಿನ ಗಟ್ಟಿ ಬಂಡೆಗೂ ನಡುವೆ ನೀರು ಹರಡಿದಾಗಲೇ ಗುಡ್ಡ ಜಾರುವುದು.

ಇಳಿಜಾರನ್ನು ಹೀಗೆ ಅಳೆಯಿರಿ. ಹತ್ತಡಿ ಉದ್ದದ ಬಿದಿರನ್ನು ನೀರುಮಟ್ಟ ಇಟ್ಟು ಅಡ್ಡ ಹಿಡಿದು, ಕೆಳತುದಿಯಿಂದ ನೆಲ ಎಷ್ಟು ಕೆಳಗಿದೆ ನೋಡಿ. ಆರಡಿ ಬಂದರೆ ಸುಮಾರು 30 ಡಿಗ್ರಿ. ನಾಲ್ಕೂವರೆ ಅಡಿ ದಾಟಿದಲ್ಲೆಲ್ಲ ಗುಂಡಿ ಬೇಡ. ಮನೆ, ಕಾರ್ಮಿಕರ ಲೈನ್ ಮನೆ, ರಸ್ತೆಯ ಮೇಲ್ಭಾಗದಲ್ಲೂ ಬೇಡ. ಕೊಲ್ಲಿಯ ತಲೆಯಲ್ಲಿ, ಅಂದರೆ ಎರಡು ಕಡೆಯ ಇಳಿಜಾರು ಕೂಡಿ ತೋಡು ಹುಟ್ಟುವ ಬೋಗುಣಿಯಂಥ ಜಾಗದಲ್ಲಿ, ಇಳಿಜಾರು ಕಡಿಮೆ ಇದ್ದರೂ ಬೇಡ. ಅಲ್ಲಿ ಮಣ್ಣು ದಪ್ಪ, ನೀರೂ ತಾನಾಗಿ ಬಂದು ಸೇರುತ್ತದೆ.

ಈಗಾಗಲೇ ಗುಂಡಿ ಇರುವವರು ಜೂನ್ ಕೊನೆಯೊಳಗೆ ಪ್ರತಿ ಗುಂಡಿಯ ಒಂದು ತುದಿ ಕಡಿದು ನೀರು ಹರಿದುಹೋಗುವ ಹಾಗೆ ಮಾಡಿ, ಅಡ್ಡ ಕಾಲುವೆಯ ಮೂಲಕ ತೋಡಿಗೆ ಸೇರಿಸಿ. ಸೆಪ್ಟೆಂಬರ್ ಕೊನೆಗೆ ಮತ್ತೆ ಮುಚ್ಚಿದರೆ ಹಿಂಗಾರಿನ ನೀರು ಸಿಗುತ್ತದೆ. ಇಳಿಜಾರಿನಲ್ಲಿ ಏರಿ ಕಟ್ಟಿ ಮಾಡಿದ ಕೆರೆಗಳಿಗೂ ಇದೇ ಮಾತು. ಜೂನ್‌ನಲ್ಲೇ ಮೂರು ನಾಲ್ಕು ಅಡಿ ಇಳಿಸಿಡಿ. ಕೋಡಿ ಏರಿಯ ತುಂಬು ಮಣ್ಣಿನ ಮೇಲೆ ಇರಬಾರದು, ಪಕ್ಕದ ಮೂಲ ನೆಲದಲ್ಲಿ ಕಲ್ಲು ಹಾಸಿ ಮಾಡಿರಬೇಕು.

ಬಾಣೆಯ (ಗದ್ದೆಗೆ ಸೇರಿದ ಕಾಡುಭೂಮಿಯ) ಮರ ಕಡಿದು ಸಿಲ್ವರ್ ಓಕ್ ಒಂದನ್ನೇ ನೆಟ್ಟ ಇಳಿಜಾರುಗಳ ಬಗ್ಗೆಯೂ ಕೇಳಿದ್ದೀರಿ. ಹಲವು ಜಾತಿಯ ಕಾಡುಮರಗಳ ಬೇರು ಹಲವು ಆಳದಲ್ಲಿ ಹೆಣೆದುಕೊಂಡಿರುತ್ತದೆ, ಅದನ್ನು ಉಳಿಸಿಕೊಳ್ಳಿ. ಬರೆಯ ಅಂಚಿನ ದೊಡ್ಡ ಮರ ಗಾಳಿಗೆ ಅಲುಗಿ ಮಣ್ಣು ಸಡಿಲಿಸುತ್ತಿದ್ದರೆ ಕೊಂಬೆ ಇಳಿಸಿ, ಬುಡ ಕೀಳಬೇಡಿ.

ನಾವು ತೋಟದಲ್ಲಿ ಮಳೆಯನ್ನು ಇಂಚು, ಸೆಂಟ್ (ಇಂಚಿನ ನೂರನೇ ಒಂದು ಪಾಲು) ಲೆಕ್ಕದಲ್ಲಿ ಬರೆಯುತ್ತೇವೆ. ಅಲರ್ಟ್ ಮಿಲಿಮೀಟರಿನಲ್ಲಿ ಬರುತ್ತದೆ. ಹೋಲಿಸುವುದು ಹೇಗೆ? (ಪಾಲಿಬೆಟ್ಟ)

ಒಂದು ಇಂಚಿಗೆ 25.4 ಮಿ.ಮೀ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗೆ 64.5 ಮಿ.ಮೀ. ದಾಟಿದರೆ ಭಾರಿ ಮಳೆ, ಅಂದರೆ ನಿಮ್ಮ 2 ಇಂಚು 54 ಸೆಂಟ್. 115.6 ದಾಟಿದರೆ ಅತಿ ಭಾರಿ, ಅದು 4 ಇಂಚು 55 ಸೆಂಟ್. 204.4 ಮೀರಿದರೆ ಅತ್ಯಂತ ಭಾರಿ, 8 ಇಂಚು 5 ಸೆಂಟ್. ಸಾಮಾನ್ಯವಾಗಿ ಈ ಮೂರಕ್ಕೆ ಕ್ರಮವಾಗಿ ಹಳದಿ, ಆರೆಂಜ್, ರೆಡ್. ಮಳೆಮಾಪಕ ಇಲ್ಲದವರು ನೆಟ್ಟಗಿನ ಗೋಡೆಯ ಡಬ್ಬಿಯನ್ನು ಬಯಲಲ್ಲಿಟ್ಟು ಬೆಳಿಗ್ಗೆ ಎಂಟೂವರೆಗೆ ಅಳತೆಪಟ್ಟಿ ಇಳಿಸಿದರೂ ಸಾಕು.

ಒಂದು ದಿನದ ಅಂಕಿಗಿಂತ ಹಿಂದಿನ ದಿನಗಳ ಮೊತ್ತ ಮುಖ್ಯ. 2018ರಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಗುಡ್ಡ ಇಳಿದದ್ದು ಆಗಸ್ಟ್ ಮಧ್ಯದಲ್ಲಿ. 2019ರಲ್ಲಿ ತೋರ ಗ್ರಾಮ, 2020ರಲ್ಲಿ ಬ್ರಹ್ಮಗಿರಿ, ಅವೂ ಆಗಸ್ಟ್‌ನಲ್ಲೇ. ಜೂನ್, ಜುಲೈ ಪೂರ್ತಿ ನೆನೆದ ನೆಲಕ್ಕೆ ಬಿದ್ದ ಜೋರು ಮಳೆಯದು. ಜೂನ್ ಮೊದಲ ವಾರ ಆರು ಇಂಚು ಬಂದರೂ ಏನಾಗದ ಬೆಟ್ಟ ಆಗಸ್ಟ್‌ನಲ್ಲಿ ಅಷ್ಟಕ್ಕೇ ಜಾರಬಹುದು. ಕಕ್ಕಡ ಕಳೆಯುವ ಹೊತ್ತಿಗೆ ಸತತ ಮೂರು ದಿನ ನಾಲ್ಕು ಇಂಚು ದಾಟಿದರೆ, ಇಳಿಜಾರಿನಲ್ಲಿರುವವರು ನಾಲ್ಕನೆಯ ದಿನಕ್ಕೆ ಕಾಯದೆ ಹೊರಡಬೇಕು ಎಂಬುದು ನಮ್ಮ ಸಲಹೆ.

ಗುಡ್ಡ ಜರಿಯುವ ಮುನ್ನ ಏನಾದರೂ ಸೂಚನೆ ಸಿಗುತ್ತದೆಯೇ? (ಗಾಳಿಬೀಡು)

ಹಲವು ಸಲ ಸಿಗುತ್ತದೆ. ಎಂದೂ ಇಲ್ಲದ ಕಡೆ ನೀರು ಚಿಮ್ಮುವುದು. ತಿಳಿಯಾಗಿದ್ದ ಒರತೆ ಒಮ್ಮೆಗೇ ಕೆಂಪಾಗುವುದು ಅಥವಾ ನಿಲ್ಲುವುದು. ಬಾಗಿಲು, ಕಿಟಕಿ ಚೌಕಟ್ಟಿನಲ್ಲಿ ಸಿಕ್ಕಿಕೊಳ್ಳುವುದು. ಅಂಗಳದಲ್ಲಿ, ರಸ್ತೆಯಲ್ಲಿ ಬಿಲ್ಲಿನಾಕಾರದ ಬಿರುಕು. ವಿದ್ಯುತ್ ಕಂಬ, ಅಡಿಕೆ ಮರ ಒಂದೇ ಕಡೆಗೆ ವಾಲುವುದು. ಎಲ್ಲಕ್ಕಿಂತ ತುರ್ತಿನದು, ಜೋರು ಮಳೆಯಲ್ಲೂ ತೋಡಿನ ನೀರು ಇದ್ದಕ್ಕಿದ್ದಂತೆ ಇಳಿಯುವುದು. ಮೇಲೆಲ್ಲೋ ಮಣ್ಣು, ಮರ ಬಿದ್ದು ತೋಡು ಕಟ್ಟಿಕೊಂಡಿದೆ, ಅದು ಒಡೆದರೆ ಎಲ್ಲವೂ ಒಟ್ಟಿಗೆ ಬರುತ್ತದೆ. ತೋಡಿನ ಗುಂಟ ಕೆಳಕ್ಕೆ ಓಡಬೇಡಿ. ಅಡ್ಡಕ್ಕೆ ಸರಿದು, ಪಕ್ಕದ ದಿಣ್ಣೆ ಹತ್ತಿ. 2024ರ ಜುಲೈ 30ರಂದು ಪಕ್ಕದ ವಯನಾಡಿನಲ್ಲಿ ಮಣ್ಣು, ಬಂಡೆ ಹೊಳೆಯ ದಾರಿಯಲ್ಲೇ ಕಿಲೋಮೀಟರುಗಟ್ಟಲೆ ಹರಿದು ದೂರದ ಊರುಗಳನ್ನು ಬಡಿಯಿತು. ನಡುರಾತ್ರಿಯ ಹೊತ್ತದು. ಬರೆಯಿಂದ ದೂರ ಇದ್ದೇವೆ ಎಂದು ತೋಡಿನ ದಂಡೆಯಲ್ಲಿರುವವರು ನಿಶ್ಚಿಂತರಾಗುವಂತಿಲ್ಲ. 1077 ಜಿಲ್ಲಾ ವಿಪತ್ತು ಸಹಾಯವಾಣಿ, 112 ತುರ್ತು ಸಂಖ್ಯೆ. ಆದರೆ ಮೊದಲು ಜಾಗ ಬಿಡಿ, ಆಮೇಲೆ ಕರೆ ಮಾಡಿ.

2018ರ ಜುಲೈನಲ್ಲಿ ಭೂಮಿ ನಡುಗಿತ್ತು, 2022ರಲ್ಲಿ ಚೆಂಬು ಕಡೆಯೂ ನಡುಗಿತು. ಗುಡ್ಡ ಸಡಿಲವಾದದ್ದು ಅದರಿಂದಲೇ? (ಸಂಪಾಜೆ)

ಅವು ರಿಕ್ಟರ್ ಮಾಪಕದಲ್ಲಿ 3ರ ಆಸುಪಾಸಿನ ಸಣ್ಣ ಕಂಪನಗಳು. ಪಾತ್ರೆ ಅಲುಗಿ ಜನ ಹೊರಗೆ ಓಡಿಬಂದಿದ್ದು ನಿಜ, ಆದರೆ ಇಷ್ಟು ಸಣ್ಣ ಕಂಪನಕ್ಕೆ ಗುಡ್ಡಗಳು ಸಾಲಾಗಿ ಜರಿಯುವುದಿಲ್ಲ. ಕಾರಣ ಹುಡುಕಬೇಕಾದ್ದು ಮಳೆಯಲ್ಲಿ, ಕಡಿದ ಬರೆಯಲ್ಲಿ, ಮುಚ್ಚಿದ ತೋಡಿನಲ್ಲಿ.

ಕುಶಾಲನಗರದ ಹೊಳೆದಂಡೆ ಬಡಾವಣೆಯಲ್ಲಿದ್ದೇವೆ. ಹಾರಂಗಿ ಅಣೆಕಟ್ಟಿನಿಂದ ನೀರು ಬಿಟ್ಟರೆ ಮಾತ್ರ ಭಯವೇ?

ಅಲ್ಲ. ಊರಿನ ಪಕ್ಕ ಹರಿಯುವುದು ಕಾವೇರಿ. ನಿಮ್ಮ ಊರಿಗಿಂತ ಮೇಲೆ ಅದರ ಮುಖ್ಯ ಹರಿವಿಗೆ ದೊಡ್ಡ ಅಣೆಕಟ್ಟಿಲ್ಲ. ಭಾಗಮಂಡಲ, ನಾಪೋಕ್ಲು, ಸಿದ್ದಾಪುರದ ನೀರು ನೇರವಾಗಿ ಬರುತ್ತದೆ. ಹಾರಂಗಿ ಕಾವೇರಿಯನ್ನು ಸೇರುವುದು ನಿಮ್ಮಿಂದ ಕೆಳಗೆ, ಕೂಡಿಗೆಯಲ್ಲಿ. ಅಲ್ಲಿ ಹಾರಂಗಿಯೂ ತುಂಬಿ ಬಂದರೆ ಕಾವೇರಿ ಮುಂದೆ ಸಾಗಲು ಜಾಗವಿಲ್ಲದೆ ಹಿಂದಕ್ಕೆ ಏರುತ್ತದೆ. ಹಾಗಾಗಿ ಎರಡನ್ನೂ ಗಮನಿಸಿ. ಭಾಗಮಂಡಲದ ತ್ರಿವೇಣಿ ಸಂಗಮ ಮುಳುಗಿತು, ಕರಡಿಗೋಡು, ನೆಲ್ಯಹುದಿಕೇರಿಯ ದಂಡೆಗೆ ನೀರು ಬಂತು ಎಂಬ ಸುದ್ದಿ ನಿಮಗೆ ಕೆಲವು ಗಂಟೆಗಳ ಬಿಡುವು ಕೊಡುತ್ತದೆ. ಆ ಬಿಡುವಿನಲ್ಲೇ ಸಾಮಾನು ಏರಿಸಬೇಕು.

2018, 2019ರಲ್ಲಿ ನೀರು ಎಲ್ಲಿವರೆಗೆ ಬಂತೋ ಅಲ್ಲಿಗೆ ಗೋಡೆಯ ಮೇಲೆ ಗೆರೆ ಎಳೆದಿಡಿ. ಇನ್ವರ್ಟರ್, ಮೋಟಾರ್ ಸ್ವಿಚ್, ಪ್ಲಗ್ಗುಗಳನ್ನು ಆ ಗೆರೆಗಿಂತ ಎರಡಡಿ ಮೇಲಕ್ಕೆ ಬದಲಿಸಿ. ಹೊರಡುವಾಗ ಮೇನ್ ಸ್ವಿಚ್ ಇಳಿಸಿ, ರೆಗ್ಯುಲೇಟರ್ ಕಳಚಿ ಸಿಲಿಂಡರನ್ನು ಕಟ್ಟಿಹಾಕಿ, ಇಲ್ಲದಿದ್ದರೆ ತೇಲುತ್ತದೆ. ಹೊಳೆ ಏರಿದಾಗ ಮೊದಲ ನೀರು ಬಾಗಿಲಿನಿಂದ ಬರುವುದಿಲ್ಲ, ಶೌಚಾಲಯದಿಂದ ಹಿಂದಕ್ಕೆ ಉಕ್ಕುತ್ತದೆ. ಶೌಚಾಲಯದ ಬೇಸಿನ್ನಿಗೆ ಮತ್ತು ಬಚ್ಚಲ ತೂಬಿಗೆ ಪ್ಲಾಸ್ಟಿಕ್ ಸುತ್ತಿದ ಮರಳಿನ ಚೀಲ ಒತ್ತಿಡಿ. ವಾಪಸಾದ ಮೇಲೆ ಗೋಡೆ ಒಣಗಿ, ವೈರಿಂಗ್ ಪರೀಕ್ಷೆಯಾಗದೆ ಸ್ವಿಚ್ ಹಾಕಬೇಡಿ.

ನೆರೆ ನೀರು ಬಾವಿಗೆ ಇಳಿದಿದೆ. ಬ್ಲೀಚಿಂಗ್ ಪೌಡರ್ ಎಷ್ಟು ಹಾಕಬೇಕು? (ಚೆರಿಯಪರಂಬು)

ಮೊದಲು ಸುತ್ತಲ ನೆಲದ ನೀರು ಇಳಿಯಲಿ. ನೆಲ ನೆನೆದಿರುವಾಗಲೇ ಬಾವಿಯನ್ನು ಒಮ್ಮೆಗೇ ಖಾಲಿ ಮಾಡಿದರೆ ಹೊರಗಿನ ಒತ್ತಡಕ್ಕೆ ಬಾವಿಯ ಸಿಮೆಂಟ್ ರಿಂಗ್ ಸರಿಯುತ್ತದೆ, ಕಲ್ಲು ಕಟ್ಟದ ಬಾವಿಯ ಗೋಡೆ ಜರಿಯುತ್ತದೆ. ಸ್ವಲ್ಪ ಸ್ವಲ್ಪವಾಗಿ ಎತ್ತಿ, ಕೆಸರು ತೆಗೆಸಿ, ಹೊಸ ನೀರು ಬರಲು ಬಿಡಿ.

ನೀರಿನ ಪ್ರಮಾಣಕ್ಕೆ, ಬಾವಿಯ ವ್ಯಾಸವನ್ನು ಮೀಟರಿನಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಮತ್ತೆ 785ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. ಒಂದೂವರೆ ಮೀಟರ್ ಅಗಲ, ನಾಲ್ಕು ಮೀಟರ್ ನೀರಿದ್ದರೆ ಸುಮಾರು 7,000 ಲೀಟರ್. ಒಳ್ಳೆಯ ಪೌಡರ್ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಸಾಮಾನ್ಯ ಅಳತೆ, ಅಂದರೆ 17.5 ಗ್ರಾಂ. ನೆರೆ ಇಳಿದ ಬಾವಿಗೆ ಮೊದಲ ಸಲ ಇದರ ಎರಡರಷ್ಟು ಹಾಕಿ. ಪುಡಿಯನ್ನು ನೇರವಾಗಿ ಎಸೆಯಬೇಡಿ. ಬಕೆಟಿನಲ್ಲಿ ಸ್ವಲ್ಪ ನೀರಿನೊಂದಿಗೆ ಕಲಸಿ, ಮುಕ್ಕಾಲು ಬಕೆಟ್ ತುಂಬಿಸಿ, ಹತ್ತು ನಿಮಿಷ ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಇನ್ನೊಂದು ಬಕೆಟಿಗೆ ಬಸಿದು, ಅದನ್ನು ಹಗ್ಗದಲ್ಲಿ ಬಾವಿಗಿಳಿಸಿ ಮೇಲೆ ಕೆಳಗೆ ಆಡಿಸಿ. ತಳದ ಸುಣ್ಣ ಬಾವಿಗೆ ಬೇಡ. ಒಂದು ಗಂಟೆಯಾದ ಮೇಲೆ ಪಂಚಾಯಿತಿಯ ನೀರುಗಂಟಿ ಅಥವಾ ಆರೋಗ್ಯ ಸಿಬ್ಬಂದಿಯಿಂದ ಪರೀಕ್ಷೆ ಮಾಡಿಸಿ, ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಬಾಯಿ ತೆರೆದಿಟ್ಟ ಹಳೆಯ ಪೌಡರ್ ಸತ್ವ ಕಳೆದುಕೊಂಡಿರುತ್ತದೆ. ಇಷ್ಟಾದರೂ ಕುಡಿಯುವ ನೀರನ್ನು ಕುದಿಸಿಯೇ ಕುಡಿಯಿರಿ.

ಕೆಸರು ತೆಗೆಯುವವರು ಗಂಬೂಟು, ಕೈಗವಸು ಹಾಕಲೇಬೇಕು. ಗಾಯದ ಮೂಲಕ ಇಲಿಜ್ವರ ಬರುತ್ತದೆ. ಕೆಸರಿಗಿಳಿದ ಎರಡು ಮೂರು ವಾರದೊಳಗೆ ಜ್ವರ, ಮೀನಖಂಡದಲ್ಲಿ ನೋವು, ಕಣ್ಣು ಕೆಂಪಾದರೆ ವೈದ್ಯರಿಗೆ ಕೆಸರಿಗಿಳಿದದ್ದನ್ನು ಹೇಳಿ.

ಗದ್ದೆಗೆ ಮಣ್ಣು ತುಂಬಿದೆ, ತೋಟದ ಒಂದು ಭಾಗ ಕೊಚ್ಚಿಹೋಗಿದೆ. ಪರಿಹಾರಕ್ಕೆ ಏನು ಬೇಕು? ಉಳಿದ ಕಾಫಿ ಗಿಡಕ್ಕೆ ಏನು ಮಾಡಬೇಕು? (ಕೆದಮುಳ್ಳೂರು)

ಗಿಡದ ಕೆಲಸ ಮೊದಲು. ಬುಡದ ಸುತ್ತ ಬಿದ್ದ ಹೊಸ ಮಣ್ಣನ್ನು ಹಳೆಯ ನೆಲಮಟ್ಟದವರೆಗೆ ಬಿಡಿಸಿ, ಬೇರಿಗೆ ಗಾಳಿ ಬೇಕು. ನಿಂತ ನೀರಿಗೆ ಕಾಲುವೆ ಬಿಡಿಸಿ. ಎಲೆ, ಕಾಯಿ ಉದುರುತ್ತಿದ್ದರೂ ನೆಲ ಆರುವವರೆಗೆ ಗೊಬ್ಬರ ಹಾಕಬೇಡಿ. ಕೊಳೆರೋಗ ತಗುಲಿದ ಎಲೆ, ಕಾಯಿ ಕಿತ್ತು ಹೂಳಿ.

ಪರಿಹಾರದಲ್ಲಿ 2022–26ರ ಅವಧಿಗೆ ನಿಗದಿಯಾಗಿದ್ದ ವಿಪತ್ತು ನಿಧಿ ಮಾನದಂಡದಂತೆ ಶೇ. 33 ಅಥವಾ ಅದಕ್ಕಿಂತ ಹೆಚ್ಚು ಬೆಳೆ ಹೋಗಿರಬೇಕು. ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ 8,500 ರೂ., ನೀರಾವರಿಗೆ 17,000, ಕಾಫಿ, ಕಾಳುಮೆಣಸಿನಂಥ ಬಹುವಾರ್ಷಿಕ ಬೆಳೆಗೆ 22,500, ಎರಡು ಹೆಕ್ಟೇರಿನ ಮಿತಿಯಲ್ಲಿ. ಮೂರಿಂಚಿಗಿಂತ ದಪ್ಪ ಹೂಳು ತುಂಬಿದ ಜಮೀನಿಗೆ 18,000, ಗುಡ್ಡ ಕುಸಿದು ಭೂಮಿಯೇ ಹೋದರೆ 47,000. ಈ ಎರಡು ಸಣ್ಣ, ಅತಿ ಸಣ್ಣ ರೈತರಿಗೆ. ಗುಡ್ಡಗಾಡಿನಲ್ಲಿ ಪೂರ್ತಿ ಬಿದ್ದ ಪಕ್ಕಾ ಮನೆಗೆ 1.3 ಲಕ್ಷ. ರಾಜ್ಯ ಸರ್ಕಾರ ಇದರ ಮೇಲೆ ಹೆಚ್ಚುವರಿ ಘೋಷಿಸುವುದುಂಟು. ಒಂದು ಎಕರೆ ತೋಟ ಕಟ್ಟಲು ಬೇಕಾಗುವ ದುಡ್ಡಿನ ಮುಂದೆ ಇದು ಏನೇನೂ ಅಲ್ಲ. ಆದರೂ ಬಿಡಬೇಡಿ, ನಷ್ಟ ದಾಖಲೆಗೆ ಸೇರುವುದೇ ಮುಂದಿನ ಬೇಡಿಕೆಗಳಿಗೆ ಆಧಾರ.

ಮಣ್ಣು ತೆಗೆಸುವ ಮೊದಲೇ ಸ್ಥಳ, ದಿನಾಂಕ ಮೂಡುವಂತೆ ಫೋಟೊ ತೆಗೆಯಿರಿ. ಹೂಳಿನಲ್ಲಿ ಅಳತೆಪಟ್ಟಿ ನಿಲ್ಲಿಸಿದ ಚಿತ್ರವೂ ಇರಲಿ. ಗ್ರಾಮ ಆಡಳಿತ ಅಧಿಕಾರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಫ್ರೂಟ್ಸ್ ಐಡಿಗೆ (ಸರ್ಕಾರದ ರೈತ ನೋಂದಣಿ ಸಂಖ್ಯೆಗೆ) ಎಲ್ಲ ಸರ್ವೆ ನಂಬರ್ ಸೇರಿವೆಯೇ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ಮಳೆಗೆ ಮುಂಚೆಯೇ ನೋಡಿಕೊಳ್ಳಿ. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಬಾಣೆಯಲ್ಲಿ ಪಹಣಿ ಪಟ್ಟೆದಾರರ (ಕುಟುಂಬದ ಹಿರಿಯರ) ಹೆಸರಿನಲ್ಲಿದ್ದು ಅನುಭವ ನಿಮ್ಮದಾಗಿದ್ದರೆ ಕಡತ ಅಲ್ಲೇ ನಿಲ್ಲುತ್ತದೆ. ಒಕ್ಕದವರ (ಕುಲದ ಕುಟುಂಬದವರ) ಒಪ್ಪಿಗೆ ಪತ್ರ, ವಂಶವೃಕ್ಷ, ಯಾರ ಪಾಲು ಎಲ್ಲಿ ಎಂಬ ನಕ್ಷೆಯನ್ನು ಮಳೆಗೆ ಮೊದಲೇ ಸಿದ್ಧ ಮಾಡಿ, ಒಂದು ಪ್ರತಿಯನ್ನು ಕಾಳಜಿ ಕೇಂದ್ರಕ್ಕೆ (ಸಂತ್ರಸ್ತರ ಆಶ್ರಯ ತಾಣಕ್ಕೆ) ಒಯ್ಯುವ ಚೀಲದಲ್ಲೇ ಇಟ್ಟುಕೊಳ್ಳಿ.